ಮುಹೂರ್ತಕ್ಕೆ ಮುಂಚೆ ಹೇಳಬೇಕಾದ ಮಾತು

ರೇಖಾಗೆ (ಹೆಸರು, ಕೆಲವು ವಿವರ ಬದಲಿಸಿದ್ದೇನೆ) 26 ವರ್ಷ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತಾಳೆ. ಏಪ್ರಿಲ್ ಬಿಸಿಲಲ್ಲಿ ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಂಡು ಅಮ್ಮನ ಜೊತೆ ಸಲಹೆ ಕೇಳಲು ನನ್ನ ಹತ್ತಿರ ಬಂದಳು.

"ಅತ್ತೆ ಮಗನಿಗೇ ಕೊಡೋಣ ಅಂತಿದ್ದೀವಿ ಮೇಡಂ. ಗೊತ್ತಿರೋ ಮನೆ, ಯಾರೂ ಏನೂ ಕೇಳಲ್ಲ. ಇವಳು ಒಪ್ತಿಲ್ಲ. ಸ್ವಲ್ಪ ಬುದ್ಧಿ ಹೇಳಿ" ಅಂದರು ಅಮ್ಮ.

ರೇಖಾಗೆ ಹುಟ್ಟಿನಿಂದಲೇ ಲ್ಯಾಮೆಲ್ಲರ್ ಇಕ್ತಿಯೋಸಿಸ್. ಹಳೇ ಚರ್ಮ ಸರಿಯಾಗಿ ಉದುರದೆ ಮೈ ತುಂಬ ಪದರ ಪದರವಾಗಿ ಕೂರುತ್ತದೆ. ಅಂಟುವ ಕಾಯಿಲೆ ಅಲ್ಲ. ಹುಟ್ಟಿದಾಗ ಮೈಗೆ ಪ್ಲಾಸ್ಟಿಕ್ ಹಾಳೆ ಬಿಗಿದ ಹಾಗಿತ್ತಂತೆ. ಮನೆಯವರು ನಾಗದೋಷ ಅಂದರು, ಘಾಟಿ ಸುಬ್ರಹ್ಮಣ್ಯಕ್ಕೆ ಹೋಗಿ ಬಂದರು. ಶಾಲೆಯಲ್ಲಿ ಪಿ.ಟಿ. ಪೀರಿಯಡ್ಡಲ್ಲಿ ತಲೆಸುತ್ತಿ ಬಿದ್ದಳು. ಬೆವರು ಸರಿಯಾಗಿ ಹೊರಗೆ ಬರದೆ ಮೈ ಕಾಯುತ್ತದೆ ಅಂತ ಟೀಚರ್‌ಗೆ ಯಾರೂ ಹೇಳಿರಲಿಲ್ಲ. ಕಾಲೇಜಿನ ಬಸ್ಸಲ್ಲಿ ಪಕ್ಕದ ಸೀಟು ಸದಾ ಖಾಲಿ. "ಒಂದು ಲೆಕ್ಕಕ್ಕೆ ಆರಾಮೇ" ಅಂತ ನಕ್ಕಳು. ಅಮ್ಮ ನಗಲಿಲ್ಲ.

ಮಗಳ ಹತ್ತಿರ ಒಬ್ಬಳೇ ಮಾತಾಡಬೇಕು ಅಂದೆ. ರೇಖಾ ನೀರು ಕುಡಿಯಲು ಎದ್ದಿದ್ದೇ ತಡ, ಅಮ್ಮ ಅವಳ ಕುರ್ಚಿಯನ್ನು ಸೆರಗಿನಿಂದ ಒರೆಸಿ ಉದುರಿದ ಚರ್ಮದ ಹೊಟ್ಟನ್ನೆಲ್ಲ ಮುಷ್ಟಿಯಲ್ಲಿ ಹಿಡಿದುಕೊಂಡು ಹೊರಗೆ ಹೋದರು.

"ಎಲ್ಲಿ ಹೋದ್ರೂ ಹೀಗೇ" ಅಂದಳು ರೇಖಾ. ಆಮೇಲೆ ನಿಜ ಹೊರಬಂತು. ಎರಡು ವರ್ಷದಿಂದ ಚರ್ಮದ ಪದರ ಕಡಿಮೆ ಮಾಡುವ ಅಸಿಟ್ರೆಟಿನ್ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದಾಳೆ. ಅದು ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ನಿಲ್ಲಿಸಿದ ಮೇಲೂ ಮೂರು ವರ್ಷ ಬಸುರಾಗಬಾರದು. ಅಮ್ಮನಿಗೆ ಇದು ಗೊತ್ತೇ ಇಲ್ಲ. "ಹುಡುಗ ಒಳ್ಳೆಯವನೇ ಮೇಡಂ. ಆದ್ರೆ ಮದುವೆಯಾದ ತಿಂಗಳಿಗೇ 'ಏನಾದ್ರೂ ವಿಶೇಷಾನಾ' ಅಂತ ಕೇಳೋ ಮನೆ ಅದು."

ಅಮ್ಮನನ್ನು ಒಳಗೆ ಕರೆದೆ. ಅವರೂ ಸೋದರಮಾವನನ್ನೇ ಮದುವೆಯಾದವರು. ಚೀಟಿಯ ಮೇಲೆ ಜೋಡಿ ಜೋಡಿ ಗೆರೆ ಎಳೆದೆ. ಒಂದು ಜೀನ್ ಅಪ್ಪನಿಂದ, ಒಂದು ಅಮ್ಮನಿಂದ. ಒಂದು ಕೆಟ್ಟಿದ್ದರೆ ಏನೂ ಕಾಣಿಸದು, ಎರಡೂ ಕೆಟ್ಟಿದ್ದರೆ ಈ ಕಾಯಿಲೆ. ನಿಮಗೆ ಹುಟ್ಟುವ ಒಂದೊಂದು ಮಗುವಿಗೂ 4ರಲ್ಲಿ 1 ಪಾಲು ಸಂಭವವಿತ್ತು. ಹತ್ತಿರದ ನೆಂಟರಲ್ಲಿ ಅದೇ ಕೆಟ್ಟ ಜೀನ್ ಇರುವ ಸಂಭವ ಹೆಚ್ಚು. ಈ ಹುಡುಗನಲ್ಲೂ ಅದು ಇದ್ದರೆ ರೇಖಾ ಮಕ್ಕಳಿಗೆ 2ರಲ್ಲಿ 1. ಹೊರಗಿನ ಸಂಬಂಧವಾದರೆ ತೀರಾ ಕಡಿಮೆ. ಅವರು ಚೀಟಿಯನ್ನೇ ನೋಡುತ್ತಾ, "ಗ್ರಹಣದಲ್ಲಿ ಹೊರಗೆ ಬಂದಿದ್ದೆ, ಅದಕ್ಕೇ ಅಂದುಕೊಂಡಿದ್ದೆ" ಅಂದರು. ಘಾಟಿಗೆ ಹೋಗೋದನ್ನು ನಾನು ಬೇಡ ಅನ್ನಲಿಲ್ಲ. ಗ್ರಹಣದ ಮಾತನ್ನು ಮಾತ್ರ ಅಲ್ಲೇ ತೆಗೆದುಹಾಕಿದೆ.

ನಾನು ಹೇಳಿದ್ದು ಇಷ್ಟು. ಮೊದಲು ಆನುವಂಶಿಕ ತಜ್ಞರ ಹತ್ತಿರ ರೇಖಾಳ ರಕ್ತ ಪರೀಕ್ಷೆ, ಯಾವ ಜೀನ್ ಅಂತ ತಿಳಿದ ಮೇಲೆ ಹುಡುಗನದು. ಕ್ಯಾಪ್ಸೂಲನ್ನು ತಾನಾಗಿ ನಿಲ್ಲಿಸಬಾರದು, ಚರ್ಮದ ಡಾಕ್ಟರ್ ಹೇಳಬೇಕು. ಹುಡುಗನಿಗೆ ವಿಷಯ ಹೇಳುವವಳು ರೇಖಾಳೇ, ದೊಡ್ಡವರಲ್ಲ. ಜೀನ್‌ಗಿಂತ ಮೊದಲು ಮನೆ ಲೆಕ್ಕ ಹೇಳು ಅಂದೆ: ಬೆಳಗ್ಗೆ ಬಾತ್‌ರೂಮ್ ಒಂದು ಗಂಟೆ ತನಗೇ ಬೇಕು, ದಿನಾ ಹಾಸಿಗೆ ಕೊಡವಬೇಕು, ಬೇಸಿಗೆಗೆ ಕೂಲರ್ ಬೇಕು. ಸ್ನಾನವಾದ ಮೂರು ನಿಮಿಷದೊಳಗೆ ಕ್ರೀಮ್ ಹಚ್ಚಬೇಕು ಅಂತ ಅವಳೇ ನನಗೆ ಕಲಿಸಿದಳು, ಅದನ್ನು ನಾನೇನು ಹೇಳಲಿ! ಅಮ್ಮನಿಗೆ ಒಂದೇ ಮಾತು: ಇನ್ನು ಕುರ್ಚಿ ಒರೆಸಬೇಡಿ.

ಮುಂದಿನ ಸಲ ರೇಖಾ ಒಬ್ಬಳೇ ಬಂದಳು. ಹುಡುಗನಿಗೆ ಎಲ್ಲ ಹೇಳಿದ್ದಾಳೆ. "ಮೂರು ವರ್ಷ ತಾನೇ" ಅಂದನಂತೆ, ಆದರೆ ಅವನಮ್ಮನಿಗೆ ಇನ್ನೂ ಹೇಳಿಲ್ಲವಂತೆ. ರಕ್ತ ಕೊಟ್ಟಾಗಿದೆ. ರಿಪೋರ್ಟ್ ಬರುವ ತನಕ ಮುಹೂರ್ತ ನೋಡೋದು ಬೇಡ ಅಂತ ಮನೆಯವರನ್ನು ಒಪ್ಪಿಸಿದ್ದಾಳೆ.