ಆನ್‌ಲೈನ್ ಕಿರುಚಿತ್ರಗಳಿಗೆ ಸಂಗೀತ ಮಾಡುವಾಗ ಯಾರ ಜತೆ ಕೆಲಸ ಮಾಡೋದು ನಿಮಗೆ ಹೆಚ್ಚು ಇಷ್ಟ?

ಎಡಿಟಿಂಗ್ ಮುಗಿಯುವ ಮೊದಲೇ ಕರೆಯುವವರ ಜತೆ. ಉಡುಪಿಯಲ್ಲಿ ಕೂತು ಯೂಟ್ಯೂಬ್ ಕಿರುಚಿತ್ರಗಳಿಗೆ ಹಿನ್ನೆಲೆ ಸಂಗೀತ ಮಾಡುವ ನನಗೆ ತುಂಬ ಖುಷಿ ಕೊಟ್ಟದ್ದು ಮಲ್ಪೆ ಬಂದರಿನ ಕಥೆಯೊಂದು. ನಿರ್ದೇಶಕರು ಬೋಟಿನ ಇಂಜಿನ್ ಸದ್ದನ್ನು ಬೇರೆಯೇ ರೆಕಾರ್ಡ್ ಮಾಡಿ ಕೊಟ್ಟಿದ್ದರು. ಆ ಲಯಕ್ಕೇ ಯಕ್ಷಗಾನದ ಮದ್ದಳೆ ಕೂರಿಸಿದೆವು. ಚೆಂಡೆಯೂ ಇರಲಿ ಅಂತ ನನ್ನ ಆಸೆ. ಮದ್ದಳೆಗಾರರೇ ತಡೆದರು: "ಅದು ಬಂದ್ರೆ ಮಾತು ಕೇಳುವುದಿಲ್ಲ ಮಾರಾಯ್ರೆ!"

ಇನ್ನೊಂದು ವಿಷಯ. ಇಂಥ ಚಿತ್ರಗಳನ್ನು ಜಾಸ್ತಿ ನೋಡೋದು ಮೊಬೈಲಿನಲ್ಲಿ, ಅಲ್ವಾ? ಪುಟ್ಟ ಸ್ಪೀಕರಿನಲ್ಲಿ ತಗ್ಗಿನ ಸದ್ದು, ಅಂದ್ರೆ ಬೇಸ್, ಮಾಯ. ಹಾಗಾಗಿ ಮದ್ದಳೆಯ ಎಡಗೈಯ ತಗ್ಗಿನ ಪೆಟ್ಟಿಗಿಂತ ಬಲಮುಖದ ನಾದವನ್ನೇ ಮುಂದೆ ತಂದೆ. "ಸುಮ್ನೆ ಆ ಸಿನಿಮಾದ ತರಹವೇ ಮಾಡಿಕೊಡಿ" ಅನ್ನುವವರಿಗೂ ನನಗೂ ಮಾತ್ರ ಹೊಂದುವುದಿಲ್ಲ.