ಬಾಸ್ಕ್ ಭಾಷೆಯಲ್ಲಿ ಪರಿಸರ, ಸುರಕ್ಷತೆಗೆ ಯಾವ ಪದಗಳಿವೆ? ಇಂಗ್ಲಿಷಿಗಿಂತ ಹೇಗೆ ಬೇರೆ?

ಬಾಸ್ಕ್ ಸ್ಪೇನ್, ಫ್ರಾನ್ಸ್ ಗಡಿಯ ನುಡಿ. ಇಂಗ್ಲಿಷಿನ ಜೊತೆ ಅದಕ್ಕೆ ನೆಂಟಸ್ತನವಿಲ್ಲ. ಆದರೆ ಕನ್ನಡದ ಹಾಗೆ ಪದದ ಕೊನೆಗೆ ಪ್ರತ್ಯಯ ಅಂಟಿಸುತ್ತಾ ಹೋಗುತ್ತದೆ.

ಪರಿಸರಕ್ಕೆ ‘ಇಂಗುರುಮೆನ್’ ಎನ್ನುತ್ತಾರೆ. ‘ಇಂಗುರು’ ಅಂದ್ರೆ ಸುತ್ತಮುತ್ತ. ಇಂಗ್ಲಿಷಿನ ಎನ್ವಿರಾನ್‌ಮೆಂಟ್ ಕೂಡ ‘ಸುತ್ತುವರಿ’ ಎಂಬರ್ಥದ ಫ್ರೆಂಚ್ ಮೂಲದಿಂದಲೇ ಬಂದದ್ದು.

ಗೊಂದಲ ಜಾಸ್ತಿ ಆಗುವುದು ‘ಸೆಗುರ್ತಾಸುನ್’ ಪದದಲ್ಲಿ. ಇಂಗ್ಲಿಷ್ ಸೇಫ್ಟಿ, ಸೆಕ್ಯುರಿಟಿ ಎಂದು ಎರಡು ಪದ ಇಟ್ಟುಕೊಂಡಿದೆ. ಬಾಸ್ಕ್‌ನಲ್ಲಿ ಎರಡಕ್ಕೂ ಇದೊಂದೇ. ಕಾರ್ಖಾನೆಯ ಹೆಲ್ಮೆಟ್ ವಿಷಯವೋ, ಬ್ಯಾಂಕಿನ ಕಾವಲಿನ ವಿಷಯವೋ ಎಂಬುದನ್ನು ಸಂದರ್ಭ ನೋಡಿಯೇ ತಿಳಿಯಬೇಕು. ‘ಕುತ್ಸಾದುರಾ’ ಕೂಡ ಹೀಗೇ: ಹೊಗೆಯಿಂದಾಗುವ ಮಾಲಿನ್ಯಕ್ಕೂ ಅದೇ, ಸೋಂಕಿಗೂ ಅದೇ. ಸುಮ್ನೆ ನಿಘಂಟು ನೋಡಿ ಅನುವಾದ ಮಾಡಿದರೆ ಎಡವುತ್ತೀರಿ.

ತುರ್ತು ಪರಿಸ್ಥಿತಿ ‘ಲಾರಿಯಾಲ್ದಿ’. ‘ಲಾರಿ’ ಎಂದರೆ ಗಂಭೀರ (ನಮ್ಮ ಲಾರಿ ಅಲ್ಲ!), ‘ಆಲ್ದಿ’ ಎಂದರೆ ಹೊತ್ತು. ಆಸ್ಪತ್ರೆಯ ತುರ್ತು ವಿಭಾಗದ ಬೋರ್ಡಿನಲ್ಲಿ ಇದರ ಬಹುವಚನ ಕಾಣುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಅಗ್ನಿಶಾಮಕರ ಹೆಸರು, ‘ಸುಇಲ್ತ್ಸೈಲೆ’. ‘ಸು’ ಬೆಂಕಿ, ‘ಇಲ್’ ಕೊಲ್ಲು. ಇಂಗ್ಲಿಷಿನವರು ಬೆಂಕಿಯ ಜೊತೆ ಹೋರಾಡುತ್ತಾರೆ, ನಾವು ಆರಿಸುತ್ತೇವೆ, ಬಾಸ್ಕರು ಕೊಂದೇಬಿಡುತ್ತಾರೆ!