ಹೊಳೆ ಬಂದ ಜಾಗಕ್ಕೆ ಗುರುತು ಬೇಕು

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹಳ್ಳದ ಪಕ್ಕದ ಗದ್ದೆ ಅವರ ಪಾಲಿಗೆ ಬಂದಿದೆ. ಅಲ್ಲಿ ಮನೆ ಕಟ್ಟಬೇಕು. ನೆರೆ ಬರುವ ಜಾಗ ಎಂದು ಪಂಚಾಯ್ತಿಯವರು ಲೈಸೆನ್ಸ್ ಕೊಡಲು ಹಿಂದೇಟು ಹಾಕುತ್ತಿದ್ದಾರೆ. "ನೀರು ಬಂದಿದ್ದು 2019ರಲ್ಲಿ ಒಂದೇ ಸಲ. ಅಷ್ಟಕ್ಕೇ ನಮ್ಮ ಜಮೀನಿಗೆ ಬೇಲಿ ಹಾಕಿದರೆ ಹೇಗೆ? ನೀವಾದರೂ ಬರೆಯಿರಿ" ಎಂದು ಕೇಳಿದ್ದಾರೆ.

ಬರೆಯುತ್ತೇನೆ. ಆದರೆ ನೀವು ಬಯಸಿದ ಹಾಗೆ ಬರೆಯಲಾರೆ.

ನಿಮ್ಮ ಸಂಕಟ ಸುಳ್ಳಲ್ಲ. ಪಕ್ಕದವರು ಕಟ್ಟುವಾಗ ಸುಮ್ಮನಿದ್ದು, ನಿಮ್ಮ ಸರದಿಗೆ ನಿಯಮ ತೆಗೆದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆದರೆ "ಒಂದೇ ಸಲ" ಎಂಬ ಮಾತನ್ನು ನಂಬಿ ಪಾಯ ತೋಡಬೇಡಿ. ನೂರು ವರ್ಷಕ್ಕೊಮ್ಮೆಯ ನೆರೆ ಅಂದರೆ, ಅದು ಬಂದು ಹೋದ ಮೇಲೆ ನೂರು ವರ್ಷ ನಿಶ್ಚಿಂತೆ ಎಂದಲ್ಲ. ಪ್ರತಿ ವರ್ಷವೂ ಅದು ಬರುವ ಸಾಧ್ಯತೆ ನೂರಕ್ಕೆ ಒಂದು. ಆ ಮನೆಯಲ್ಲಿ 30 ವರ್ಷ ಇದ್ದರೆ, ಒಮ್ಮೆಯಾದರೂ ನೀರು ಒಳಗೆ ಬರುವ ಸಾಧ್ಯತೆ ಸುಮಾರು ನಾಲ್ಕರಲ್ಲಿ ಒಂದು. ಮಕ್ಕಳಿಗೆಂದು ಮನೆ ಕಟ್ಟುವವರು ಈ ಲೆಕ್ಕ ಹಾಕಬೇಕು, ಅಲ್ವಾ?

ನಮ್ಮ ಹಿರಿಯರು ಬೈಲಿನಲ್ಲಿ ಭತ್ತ ಹಾಕಿದರು, ಮನೆಯನ್ನು ಎತ್ತರದ ಜಾಗದಲ್ಲಿ ಕಟ್ಟಿದರು. ಆಶ್ಲೇಷಾ ಮಳೆಗೆ ಗದ್ದೆ ಎರಡು ದಿನ ಮುಳುಗಿದರೂ ಸಸಿ ಚೇತರಿಸಿಕೊಳ್ಳುತ್ತದೆ. ಅಕ್ಕಿ ಮೂಟೆ, ಹಾಸಿಗೆ, ಮಕ್ಕಳ ಪುಸ್ತಕ ಚೇತರಿಸಿಕೊಳ್ಳುವುದಿಲ್ಲ. ಶಿವಮೊಗ್ಗದವರು ಈಗಲೂ ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲಿರುವ ಮಂಟಪ ನೋಡಿಯೇ ತುಂಗೆಯನ್ನು ಅಳೆಯುತ್ತಾರೆ. ಮಂಟಪ ಮುಳುಗಿತು ಅಂದರೆ ಊರೆಲ್ಲ ಸುದ್ದಿ. ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಪ್ರತಿ ಹಳ್ಳಿಯ ಹಿರಿಯರಿಗೂ ಗೊತ್ತು. ಆ ತಿಳಿವಳಿಕೆ ನಕ್ಷೆಗೆ ಏರಲೇ ಇಲ್ಲ. ನನ್ನ ಸಿಟ್ಟು ಇರುವುದು ಇಲ್ಲಿ.

ನೆರೆ ಬಯಲನ್ನು ಗುರುತಿಸಿ ವಲಯ ಮಾಡಿ ಎಂದು ಕೇಂದ್ರ 1975ರಲ್ಲೇ ರಾಜ್ಯಗಳಿಗೆ ಮಾದರಿ ಮಸೂದೆ ಕಳಿಸಿತು. ಮಣಿಪುರ, ರಾಜಸ್ಥಾನ, ಉತ್ತರಾಖಂಡ ಕಾನೂನು ಮಾಡಿದವು. ಕರ್ನಾಟಕ ಮಾಡಲಿಲ್ಲ. ವಲಯ ಮಾಡುವುದರ ಹಿಂದಿನ ಯೋಚನೆ ಸರಳ. ಆಸ್ಪತ್ರೆ, ವಿದ್ಯುತ್ ಕೇಂದ್ರಗಳು 100 ವರ್ಷಕ್ಕೊಮ್ಮೆಯ ನೆರೆಯ ಮಟ್ಟಕ್ಕಿಂತ ಮೇಲಿರಲಿ, ಮನೆ ಮತ್ತು ಕಚೇರಿಗಳು 25 ವರ್ಷಕ್ಕೊಮ್ಮೆಯ ನೆರೆಯ ಮಟ್ಟಕ್ಕಿಂತ ಮೇಲಿರಲಿ, ಪಾರ್ಕು, ಆಟದ ಮೈದಾನ ತಗ್ಗಿನಲ್ಲಿರಲಿ. ಅಮೆರಿಕದಲ್ಲಿ 1968ರಿಂದ ಸರ್ಕಾರಿ ನೆರೆ ವಿಮೆ ಇದೆ. ಊರಿನ ಆಡಳಿತ ನೆರೆ ಜಾಗಕ್ಕೆ ಕಟ್ಟಡ ನಿಯಮ ಮಾಡದಿದ್ದರೆ ಅಲ್ಲಿನವರಿಗೆ ಆ ವಿಮೆ ಸಿಗುವುದಿಲ್ಲ.

ನಮ್ಮಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದೆ, ಮಾಸ್ಟರ್ ಪ್ಲಾನ್ ಇದೆ, ನೀರಿನ ಪಕ್ಕ ಇಷ್ಟು ಮೀಟರ್ ಬಿಡಿ ಎನ್ನುವ ಬಫರ್ ಇದೆ. ಟೇಪು ಹಿಡಿದು ಅಡ್ಡಕ್ಕೆ ಅಳೆಯುತ್ತೇವೆ. ಹೊಳೆ ಏರುವುದು ಎತ್ತರಕ್ಕೆ. ದಡ ಕಡಿದಾಗಿದ್ದರೆ 30 ಮೀಟರ್ ಬೇಕಾದಷ್ಟಾಯಿತು. ಬೈಲಾದರೆ 300 ಮೀಟರ್ ಕೂಡ ಸಾಲದೆ ಹೋಗಬಹುದು.

2019ರ ಆಗಸ್ಟ್‌ನಲ್ಲಿ ಶಿವಮೊಗ್ಗದ ಕುಂಬಾರಗುಂಡಿ, ರಾಜೀವ್ ಗಾಂಧಿ ಬಡಾವಣೆಗೆ ನೀರು ನುಗ್ಗಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ಸರ್ಕಾರ ಆಮೇಲೆ ಘೋಷಿಸಿತು. ಕೊಟ್ಟಿದ್ದು ಸರಿ. ಆದರೆ ನೀರಿನ ಗುರುತಿಗೆ ಸರ್ವೆ ಮಾಡಿ ಕಲ್ಲು ನೆಡುವುದಕ್ಕೆ ಆಗುವ ಖರ್ಚು ಇದರ ಮುಂದೆ ಎಷ್ಟು? ಗದ್ದೆಗೆ ಮಣ್ಣು ಹೊಡೆಸಿ, ಹಳ್ಳವನ್ನು ಪೈಪಿಗೆ ತುಂಬಿ, ಸೈಟು ಮಾರಿದವರು ದುಡ್ಡು ಎಣಿಸಿಕೊಂಡು ಹೋಗುತ್ತಾರೆ. ಸಾಲ ಮಾಡಿ ಕೊಂಡವರು ಮಳೆಗಾಲದ ರಾತ್ರಿ ಟಿವಿ, ಫ್ರಿಜ್ಜು ಅಟ್ಟಕ್ಕೆ ಹೊರುತ್ತಾರೆ. ಆ ಮಣ್ಣು ತಳ್ಳಿದ ನೀರು ಹೋಗುವುದೂ ಪಕ್ಕದ ಬಡವರ ಮನೆಗೇ.

ಹಾಗಾಗಿ ನಿಮಗೆ ಒಂದು ಕೆಲಸ ಹೇಳುತ್ತೇನೆ. ಮುಂದಿನ ಗ್ರಾಮಸಭೆಗೆ ಹೋಗಿ. 2019ರಲ್ಲಿ ನೀರು ಎಲ್ಲಿಯವರೆಗೆ ಬಂತು ಎಂಬುದನ್ನು ಸರ್ವೆ ನಂಬರ್ ಸಮೇತ ನಡಾವಳಿಯಲ್ಲಿ ಬರೆಸಿ. ನಿಮಗೆ ಹೇಳಿದ ನಿಯಮ ಎರಡೂ ದಡಕ್ಕೆ, ಲೇಔಟ್‌ನವರಿಗೂ ಅನ್ವಯಿಸಲಿ ಎಂದು ಪಟ್ಟು ಹಿಡಿಯಿರಿ. ಆ ಜಗಳಕ್ಕೆ ಪತ್ರಿಕೆ ನಿಮ್ಮ ಜೊತೆಗಿದೆ. ಗದ್ದೆಯ ಮೇಲಿನ ಅಂಚಿನಲ್ಲಿ ನೀರು ಮುಟ್ಟದ ನಾಲ್ಕು ಗುಂಟೆ ಇದ್ದರೆ ಮನೆಯನ್ನು ಅಲ್ಲಿ ಕಟ್ಟಿ.